ಮಾನ್ಯತೆ ಇಲ್ಲದ ನಾಡಿನ ಪೌರರು: ಟ್ರಾನ್ಸ್‌ನಿಸ್ಟ್ರಿಯಾದ ಪ್ರಶ್ನೆ

ನೀಸ್ಟರ್ ನದಿಯ ಪೂರ್ವ ದಂಡೆಗೂ ಉಕ್ರೇನಿನ ಗಡಿಗೂ ನಡುವೆ ಸುಮಾರು 4,160 ಚದರ ಕಿಲೋಮೀಟರ್ ವಿಸ್ತಾರದ ಉದ್ದನೆಯ ನೆಲಪಟ್ಟಿಯೊಂದಿದೆ. ತಿರಾಸ್ಪೋಲ್ ಅದರ ರಾಜಧಾನಿ. ಅಧ್ಯಕ್ಷ, ಸಂಸತ್ತು, ಸೇನೆ, ನ್ಯಾಯಾಲಯ, ಸ್ವಂತ ರೂಬಲ್, ಸ್ವಂತ ಪಾಸ್‌ಪೋರ್ಟು, ಕುಡುಗೋಲು-ಸುತ್ತಿಗೆಯ ಬಾವುಟ ಎಲ್ಲವೂ ಅಲ್ಲಿವೆ. ಆದರೆ ವಿಶ್ವಸಂಸ್ಥೆಯ ಒಂದು ಸದಸ್ಯರಾಷ್ಟ್ರವೂ ಅದನ್ನು ದೇಶವೆಂದು ಒಪ್ಪಿಲ್ಲ. ಮೂರು ದಶಕಗಳಿಂದ ಸೈನಿಕರನ್ನೂ ಅನಿಲವನ್ನೂ ಕೊಟ್ಟು ಸಾಕಿದ ರಷ್ಯಾ ಕೂಡ ಒಪ್ಪಿಲ್ಲ. ಜಗತ್ತಿನ ಲೆಕ್ಕದಲ್ಲಿ ಅದು ಮೊಲ್ಡೊವಾದ ಒಂದು ಭಾಗ. ಹಾಗಾದರೆ ಅಲ್ಲಿ ವಾಸಿಸುವ ಜನ ಯಾರ ಪೌರರು? ತಾವು ಯಾರೆಂದು ಅವರು ಭಾವಿಸಿದ್ದಾರೆ? ಈ ಎರಡಕ್ಕೂ ಒಂದೇ ಉತ್ತರವಿರಬೇಕೆಂದು ನಾವು ಸಹಜವಾಗಿ ನಿರೀಕ್ಷಿಸುತ್ತೇವೆ. ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ಈ ಎರಡೂ ಬೇರೆ ಬೇರೆ ದಾರಿ ಹಿಡಿದು ಬಹುಕಾಲವಾಗಿದೆ. ಅಲ್ಲಿನವರ ಪೌರತ್ವ ಹಲವು ದೇಶಗಳಲ್ಲಿ ಹಂಚಿಹೋಗಿದೆ, ನಿಷ್ಠೆ ಮಾತ್ರ ಬಹುಮಟ್ಟಿಗೆ ಆ ನೆಲಪಟ್ಟಿಗೇ ಅಂಟಿಕೊಂಡಿದೆ. ಇದನ್ನು ಗಮನಿಸದೆ ಹೆಣೆದ ಯಾವ ಒಪ್ಪಂದವೂ ನಿಲ್ಲಲಾರದು ಎಂಬುದು ಈ ಲೇಖನದ ವಾದ.

ಎರಡು ದಂಡೆ, ಎರಡು ಚರಿತ್ರೆ

ನದಿಯ ಪಶ್ಚಿಮಕ್ಕಿರುವ ಬೆಸರೇಬಿಯಾ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದು 1812ರಲ್ಲಿ. ಪೂರ್ವ ದಂಡೆಯ ದಕ್ಷಿಣ ಭಾಗ ಅದಕ್ಕೂ ಮೊದಲೇ, 1792ರಲ್ಲಿ, ತುರ್ಕರೊಡನೆ ಆದ ಯಾಸ್ಸಿ ಒಪ್ಪಂದದ ಮೂಲಕ ಸೇರಿತ್ತು. ಅದೇ ವರ್ಷ ಸೇನಾನಿ ಸುವೊರೊವ್ ಕಟ್ಟಿಸಿದ ಕೋಟೆಯ ಸುತ್ತ ತಿರಾಸ್ಪೋಲ್ ಬೆಳೆಯಿತು. ಇಪ್ಪತ್ತು ವರ್ಷಗಳ ಈ ಅಂತರ ಅಷ್ಟೇನೂ ದೊಡ್ಡದಲ್ಲ. ದೊಡ್ಡ ಬಿರುಕು ಬಿದ್ದದ್ದು 1918ರಲ್ಲಿ. ಆಗ ಬೆಸರೇಬಿಯಾ ರೊಮೇನಿಯಾ ಜೊತೆ ಸೇರಿತು, ಎಡದಂಡೆ, ಅಂದರೆ ಪೂರ್ವ ದಂಡೆ, ಸೋವಿಯತ್ ಕೈ ಸೇರಿತು. ಮುಂದಿನ ಇಪ್ಪತ್ತೆರಡು ವರ್ಷ ಒಂದು ದಂಡೆಯ ಮಕ್ಕಳು ರೊಮೇನಿಯಾದ ಅರಸರ ಆಳ್ವಿಕೆಯ ಶಾಲೆಗಳಲ್ಲಿ ಕಲಿತರೆ ಇನ್ನೊಂದು ದಂಡೆಯ ಮಕ್ಕಳು ಸಾಮೂಹಿಕ ಕೃಷಿ, ಕೈಗಾರಿಕೀಕರಣ ಮತ್ತು ಸ್ಟಾಲಿನ್ ಕಾಲದ ಭಯದ ನಡುವೆ ಬೆಳೆದರು.

1924ರಲ್ಲಿ ಮಾಸ್ಕೋ ಎಡದಂಡೆಯಲ್ಲಿ, ಉಕ್ರೇನ್ ಗಣರಾಜ್ಯದ ಒಳಗೇ, ಮೊಲ್ಡೇವಿಯನ್ ಸ್ವಾಯತ್ತ ಗಣರಾಜ್ಯವೊಂದನ್ನು ಸ್ಥಾಪಿಸಿತು. ಬೆಸರೇಬಿಯಾ ಮೇಲಿನ ಹಕ್ಕು ಕೈಬಿಟ್ಟಿಲ್ಲವೆಂದು ರೊಮೇನಿಯಾಕ್ಕೆ ತೋರಿಸುವುದು ಅದರ ಉದ್ದೇಶ. 1926ರ ಗಣತಿಯಲ್ಲಿ ಆ ಗಣರಾಜ್ಯದ ಜನರಲ್ಲಿ ಮೊಲ್ಡೊವನ್ನರು ಸುಮಾರು ಶೇ. 30 ಮಾತ್ರ, ಉಕ್ರೇನಿಯನ್ನರು ಶೇ. 48ಕ್ಕೂ ಹೆಚ್ಚು. ಭಾಷಾನೀತಿಯೂ ರಾಜಕೀಯದ ಗಾಳಿಗೆ ತಕ್ಕಂತೆ ಹೊರಳಿತು. 1932ರಲ್ಲಿ ಲ್ಯಾಟಿನ್ ಲಿಪಿ ಬಂತು, 1938ರಲ್ಲಿ ಮತ್ತೆ ಸಿರಿಲಿಕ್. ಮುಂದೆ 1990ರಲ್ಲಿ ಯಾವ ಲಿಪಿಯನ್ನು ಪರಕೀಯವೆಂದು ಎಡದಂಡೆ ತಳ್ಳಿಹಾಕಿತೋ ಅದು ಆರು ವರ್ಷ ಅಲ್ಲಿಯದೇ ಸರ್ಕಾರಿ ಲಿಪಿಯಾಗಿತ್ತು. ಈಗಿನ ಪರ-ವಿರೋಧ ವಾದಗಳಲ್ಲಿ ಇದನ್ನು ನೆನೆಯುವವರು ಕಡಿಮೆ.

1940ರಲ್ಲಿ ಸೋವಿಯತ್ ಒಕ್ಕೂಟ ಬೆಸರೇಬಿಯಾವನ್ನು ವಶಪಡಿಸಿಕೊಂಡು ಎಡದಂಡೆಯ ಒಂದು ಪಟ್ಟಿಯ ಜೊತೆ ಹೊಲಿದು ಮೊಲ್ಡೇವಿಯನ್ ಸೋವಿಯತ್ ಗಣರಾಜ್ಯವನ್ನು ರಚಿಸಿತು. ಮರುವರ್ಷವೇ ನಾಜಿ ಜರ್ಮನಿಯ ಮಿತ್ರನಾಗಿ ರೊಮೇನಿಯಾ ನುಗ್ಗಿತು. 1944ರವರೆಗೆ ನೀಸ್ಟರ್ ಮತ್ತು ಬುಗ್ ನದಿಗಳ ನಡುವಿನ ಪ್ರದೇಶವನ್ನು ರೊಮೇನಿಯಾದ ಆಂತೊನೆಸ್ಕು ಆಡಳಿತ ಆಳಿತು. ಅಲ್ಲಿನ ಶಿಬಿರಗಳಲ್ಲಿ, ಹತ್ಯಾಕಾಂಡಗಳಲ್ಲಿ ಲಕ್ಷಾಂತರ ಯಹೂದಿಗಳೂ ಸಾವಿರಾರು ರೋಮಾ ಜನರೂ ಸತ್ತರು. ಎಡದಂಡೆಯ ನೆನಪಿನಲ್ಲಿ ರೊಮೇನಿಯಾ ಎಂದರೆ ಮೊದಲು ಈ ಆಕ್ರಮಣ. ಬಲದಂಡೆಯ ಬಹಳಷ್ಟು ಜನರಿಗೆ ಅದು ಭಾಷೆ ಮತ್ತು ಬಂಧುತ್ವದ ನಾಡು. ಯುದ್ಧದ ನಂತರ ಭಾರೀ ಕೈಗಾರಿಕೆಗಳು ಎಡದಂಡೆಗೆ ಬಂದವು: ಕುಚುರ್ಗಾನ್ ವಿದ್ಯುತ್ ಸ್ಥಾವರ, ರಿಬ್ನಿತ್ಸಾ ಉಕ್ಕಿನ ಕಾರ್ಖಾನೆ. ಜೊತೆಗೆ ರಷ್ಯಾ, ಉಕ್ರೇನ್‌ಗಳಿಂದ ಕಾರ್ಮಿಕರು, ಎಂಜಿನಿಯರುಗಳು ಬಂದರು, ಸೋವಿಯತ್ 14ನೇ ಸೇನೆ ಬಂತು. ಇವರ ಸಂಬಳ, ಬಡ್ತಿ, ಮನೆ ಎಲ್ಲವೂ ಮಾಸ್ಕೋದ ಸಚಿವಾಲಯಗಳ ಕೈಯಲ್ಲಿದ್ದವು. ಮೊಲ್ಡೊವಾದ ಕಿಶಿನೌ ಅವರಿಗೆ ಹೆಸರಿಗಷ್ಟೇ ರಾಜಧಾನಿ.

ಒಡೆದ ವರ್ಷಗಳು

1989ರ ಆಗಸ್ಟ್ 31ರಂದು ಕಿಶಿನೌ ಶಾಸನಸಭೆ ಲ್ಯಾಟಿನ್ ಲಿಪಿಯ ಮೊಲ್ಡೊವನ್ ಭಾಷೆಯನ್ನು ರಾಜ್ಯಭಾಷೆಯಾಗಿ ಘೋಷಿಸಿತು. ಎಡದಂಡೆಯ ಕಾರ್ಖಾನೆಗಳಲ್ಲಿ ಮುಷ್ಕರ ಶುರುವಾಯಿತು. ಕಾರ್ಮಿಕ ಸಮಿತಿಗಳ ಒಕ್ಕೂಟ ಬೀದಿಗಿಳಿಯಿತು. 1990ರ ಸೆಪ್ಟೆಂಬರ್ 2ರಂದು ತಿರಾಸ್ಪೋಲಿನಲ್ಲಿ ಪ್ರತ್ಯೇಕ ಗಣರಾಜ್ಯದ ಘೋಷಣೆಯಾಯಿತು. ಸೋವಿಯತ್ ಒಕ್ಕೂಟದಿಂದ ಹೊರಹೋಗುವುದು ಆಗ ಅದರ ಗುರಿಯಾಗಿರಲಿಲ್ಲ. ಒಕ್ಕೂಟದಲ್ಲೇ ಉಳಿಯಲು ಮೊಲ್ಡೊವಾದಿಂದ ಬೇರೆಯಾಗುತ್ತೇವೆ ಎಂದಿದ್ದರು. ಸೋವಿಯತ್ ಅಧ್ಯಕ್ಷ ಗೊರ್ಬಚೆವ್ ಅದೇ ಡಿಸೆಂಬರಿನಲ್ಲಿ ಈ ಘೋಷಣೆಯನ್ನು ರದ್ದುಪಡಿಸಿದರು. ಒಂದು ವರ್ಷದೊಳಗೆ ಒಕ್ಕೂಟವೇ ಮುರಿದುಬಿತ್ತು, ಘೋಷಣೆ ಉಳಿಯಿತು. 1992ರ ಮಾರ್ಚಿನಿಂದ ಜುಲೈವರೆಗೆ ನಡೆದ ಕದನದಲ್ಲಿ ಸುಮಾರು ಸಾವಿರ ಜನ ಸತ್ತರು. ಅತಿ ಭೀಕರ ಕಾಳಗ ನಡೆದದ್ದು ಜೂನಿನಲ್ಲಿ, ನದಿಯ ಬಲದಂಡೆಯಲ್ಲಿದ್ದರೂ ತಿರಾಸ್ಪೋಲ್ ಹಿಡಿತದಲ್ಲಿರುವ ಬೆಂದೇರ್ ನಗರದಲ್ಲಿ. ಜನರಲ್ ಲೆಬೆದ್ ನೇತೃತ್ವದ ರಷ್ಯನ್ ಸೇನೆಯ ಮಧ್ಯಪ್ರವೇಶ ಅದನ್ನು ನಿರ್ಧರಿಸಿತು. ಜುಲೈ 21ರಂದು ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಮತ್ತು ಮೊಲ್ಡೊವಾದ ಅಧ್ಯಕ್ಷ ಸ್ನೆಗೂರ್ ಕದನವಿರಾಮಕ್ಕೆ ಸಹಿ ಹಾಕಿದರು. ಆ ಒಪ್ಪಂದ ಇಂದಿಗೂ ಮುರಿದಿಲ್ಲ. ಅಂತಿಮ ಇತ್ಯರ್ಥವೂ ಆಗಿಲ್ಲ.

ಕಾರಣ ಯಾವುದು ಎಂಬ ವಿವಾದ

ಮೊದಲ ವಾದದಂತೆ ಟ್ರಾನ್ಸ್‌ನಿಸ್ಟ್ರಿಯಾ ರಷ್ಯಾ ನಿಲ್ಲಿಸಿದ ಬೊಂಬೆ. ಕಿಶಿನೌ ಸರ್ಕಾರದ ಅಧಿಕೃತ ನಿಲುವು ಇದೇ, ಬಲವಾದ ಸಾಕ್ಷ್ಯವೂ ಇದಕ್ಕಿದೆ. 1999ರ ಇಸ್ತಾಂಬುಲ್ ಸಮಾವೇಶದಲ್ಲಿ ಸೇನೆಯನ್ನು ಹಿಂತೆಗೆಯುವುದಾಗಿ ರಷ್ಯಾ ಒಪ್ಪಿತು. ಆದರೂ ಸಾವಿರದೈನೂರರಷ್ಟು ಸೈನಿಕರು ಉಳಿದಿದ್ದಾರೆ, ಎಡದಂಡೆಯ ಕೊಬಾಸ್ನಾದಲ್ಲಿ ಸುಮಾರು 20,000 ಟನ್ ಹಳೆಯ ಮದ್ದುಗುಂಡು ಉಳಿದಿದೆ. ಇಲಾಶ್ಕು ಪ್ರಕರಣದ 2004ರ ತೀರ್ಪಿನಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ತಿರಾಸ್ಪೋಲ್ ಆಡಳಿತ ರಷ್ಯಾದ ನಿರ್ಣಾಯಕ ಪ್ರಭಾವದಲ್ಲಿ ಬದುಕಿದೆ ಎಂದಿತು. ರಾಜ್ಯ ಏಕೆ ಉಳಿಯಿತು ಎಂಬುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ರಷ್ಯನ್ ಸೇನೆ ನುಗ್ಗುವ ಮೊದಲೇ 1989ರಲ್ಲಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದ್ದು ಏಕೆ ಎಂಬುದನ್ನು ವಿವರಿಸುವುದಿಲ್ಲ.

ಎರಡನೆಯದು ಜನಾಂಗೀಯ ಸಂಘರ್ಷದ ವಾದ. ಭಯ, ಭಾಷೆ, ನಾಯಕರ ಪ್ರಚೋದನೆ ಮತ್ತು ಮಾಸ್ಕೋದ ಕುಮ್ಮಕ್ಕು ಒಂದನ್ನೊಂದು ಹೇಗೆ ಕೆರಳಿಸಿದವು ಎಂದು ಸ್ಟೂವರ್ಟ್ ಕೌಫ್‌ಮನ್ 1996ರಲ್ಲಿ ವಿಶ್ಲೇಷಿಸಿದರು. ಭಾಷಾಕಾನೂನಿನ ಕಿಚ್ಚನ್ನು ಇದು ಅರ್ಥಮಾಡಿಸುತ್ತದೆ. ಆದರೆ 2004ರಲ್ಲಿ ತಿರಾಸ್ಪೋಲ್ ನಡೆಸಿದ ಗಣತಿಯ ಪ್ರಕಾರವೇ ಅಲ್ಲಿ ಮೊಲ್ಡೊವನ್ನರು ಶೇ. 31.9, ರಷ್ಯನ್ನರು ಶೇ. 30.4, ಉಕ್ರೇನಿಯನ್ನರು ಶೇ. 28.8. ಮೂರರಲ್ಲಿ ಯಾವ ಸಮುದಾಯಕ್ಕೂ ಬಹುಮತವಿಲ್ಲದ ಕಡೆ, ಅತಿ ದೊಡ್ಡ ಗುಂಪು ಎದುರಾಳಿ ದೇಶದ ಜನಾಂಗಕ್ಕೇ ಸೇರಿರುವ ಕಡೆ, ಜನಾಂಗೀಯ ಯುದ್ಧವೆಂಬ ಹಣೆಪಟ್ಟಿ ಪೂರ್ತಿ ಹೊಂದುವುದಿಲ್ಲ.

ಈ ಕೊರತೆಯನ್ನು ನೇರವಾಗಿ ಎದುರಿಸಿದವರು ಪೋಲ್ ಕೋಲ್ಸ್ಟೊ ಮತ್ತು ಆಂದ್ರೇ ಮಾಲ್ಗಿನ್. 1998ರ ತಮ್ಮ ಲೇಖನದಲ್ಲಿ ಅವರು ಇದನ್ನು ರಾಜಕೀಯಗೊಂಡ ಪ್ರಾದೇಶಿಕತೆ ಎಂದು ಗುರುತಿಸಿದರು. ಎಡದಂಡೆಯ ರಷ್ಯನ್, ಉಕ್ರೇನಿಯನ್, ಮೊಲ್ಡೊವನ್ ಕುಟುಂಬಗಳು ಒಂದೇ ಬಗೆಯ ಕಾರ್ಖಾನೆ, ಒಂದೇ ಬಗೆಯ ಶಾಲೆ, ಒಂದೇ ಯುದ್ಧದ ನೆನಪಿನಿಂದ ಬಂದವು ಎಂಬುದನ್ನು ಇಟ್ಟುಕೊಂಡು ನೋಡಿದರೆ ಮೇಲಿನ ಗಣತಿಯ ಅಂಕಿಗಳು ಒಗಟಾಗಿ ಉಳಿಯುವುದಿಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಇದು. ಚರಿತ್ರೆ ಮತ್ತು ಜನಸಂಖ್ಯೆ ಎರಡನ್ನೂ ಒಟ್ಟಿಗೆ ಹಿಡಿಯಬಲ್ಲದ್ದು ಇದೊಂದೇ.

ಇದಕ್ಕೆ ಪೂರಕವಾಗಿ ಚಾರ್ಲ್ಸ್ ಕಿಂಗ್ 2001ರಲ್ಲಿ ಇನ್ನೊಂದು ಕೋನ ಸೇರಿಸಿದರು. ಕದನ ನಿಂತ ಮೇಲೆ ಇಂಥ ಪ್ರದೇಶಗಳು ಹಾಗೆಯೇ ಉಳಿಯುವುದಕ್ಕೆ ಕಾರಣ ಹಳೆಯ ದ್ವೇಷಕ್ಕಿಂತ ಹೆಚ್ಚಾಗಿ ಯಥಾಸ್ಥಿತಿಯಿಂದ ಸಿಗುವ ಲಾಭ ಎಂದು ಅವರು ತೋರಿಸಿದರು. 1993ರಲ್ಲಿ ಹುಟ್ಟಿದ ಶೆರಿಫ್ ಎಂಬ ವ್ಯಾಪಾರ ಸಂಸ್ಥೆ ಸೂಪರ್‌ಮಾರ್ಕೆಟ್, ಪೆಟ್ರೋಲ್ ಬಂಕ್, ದೂರಸಂಪರ್ಕ, ಫುಟ್‌ಬಾಲ್ ಕ್ಲಬ್‌ವರೆಗೆ ಅಲ್ಲಿನ ಆರ್ಥಿಕತೆಯ ಬಹುಭಾಗವನ್ನು ಹಿಡಿದಿರುವುದು ಈ ವಾದಕ್ಕೆ ಕಣ್ಣೆದುರಿನ ಸಾಕ್ಷಿ. ಅದೇ ಕ್ಲಬ್ 2021ರ ಸೆಪ್ಟೆಂಬರಿನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 2-1ರಿಂದ ಸೋಲಿಸಿದಾಗ ಯುರೋಪಿನ ಪಟ್ಟಿಯಲ್ಲಿ ದಾಖಲಾದದ್ದು ಮೊಲ್ಡೊವಾದ ಚಾಂಪಿಯನ್ ಎಂದು.

ಒಬ್ಬರಿಗೆ ಎಷ್ಟು ಪಾಸ್‌ಪೋರ್ಟು

ಪ್ರಶ್ನೆಯ ತಿರುಳು ಇಲ್ಲಿದೆ. ತಿರಾಸ್ಪೋಲ್ ಕೊಡುವ ಪಾಸ್‌ಪೋರ್ಟು ಹಿಡಿದು ಮನೆ ನೋಂದಾಯಿಸಬಹುದು, ಸ್ಥಳೀಯ ಪಿಂಚಣಿ ಪಡೆಯಬಹುದು, ಮತ ಹಾಕಬಹುದು. ವಿಮಾನ ಹತ್ತಲು ಅದು ಬರುವುದಿಲ್ಲ. ಆದ್ದರಿಂದ ಜನ ಬೇರೆಡೆ ಕೈ ಚಾಚಿದರು, ಅಲ್ಲಿನ ಕಾನೂನೂ ಇದಕ್ಕೆ ಅಡ್ಡಬರಲಿಲ್ಲ. 1991ರ ಜೂನಿನ ಮೊಲ್ಡೊವಾ ಪೌರತ್ವ ಕಾಯಿದೆ ಭಾಷೆ, ಜನಾಂಗ ನೋಡದೆ ಅಲ್ಲಿ ನೆಲೆಸಿದವರಿಗೆಲ್ಲ ಬಾಗಿಲು ತೆರೆದಿತ್ತು. ಬಾಲ್ಟಿಕ್ ದೇಶಗಳಾದ ಲಾತ್ವಿಯಾ ಮತ್ತು ಎಸ್ಟೋನಿಯಾ ಮಾಡದಿದ್ದ ಉದಾರತೆ ಇದು. ಆದರೂ ಎಡದಂಡೆಯವರು ದೊಡ್ಡ ಸಂಖ್ಯೆಯಲ್ಲಿ ಅದನ್ನು ಬಳಸಿಕೊಂಡದ್ದು ತಡವಾಗಿ. 2014ರ ಏಪ್ರಿಲಿನಲ್ಲಿ ಮೊಲ್ಡೊವಾದ ಬಯೋಮೆಟ್ರಿಕ್ ಪಾಸ್‌ಪೋರ್ಟ್ ಇದ್ದವರಿಗೆ ಯುರೋಪಿನ ಷೆಂಗೆನ್ ವಲಯಕ್ಕೆ ವೀಸಾ ಬೇಡವಾಯಿತು, ಅರ್ಜಿಗಳು ಹೆಚ್ಚಿದವು. ಇಂದು ಎಡದಂಡೆಯ ಮೂರು ಲಕ್ಷಕ್ಕೂ ಹೆಚ್ಚು ಜನ ಮೊಲ್ಡೊವಾದ ಪೌರರು ಎಂದು ಕಿಶಿನೌ ಲೆಕ್ಕ ಹೇಳುತ್ತದೆ. ರಷ್ಯನ್ ಪೌರರು ಎರಡು ಲಕ್ಷದ ಆಸುಪಾಸು ಎಂದು ಮಾಸ್ಕೋ, ತಿರಾಸ್ಪೋಲ್ ಹೇಳುತ್ತವೆ. ಉಕ್ರೇನಿನ ಪೌರತ್ವವುಳ್ಳವರೂ ಹತ್ತಾರು ಸಾವಿರ ಇದ್ದಾರೆ. 2015ರ ಗಣತಿಯಲ್ಲಿ ಒಟ್ಟು ಜನಸಂಖ್ಯೆಯೇ ಸುಮಾರು 4.75 ಲಕ್ಷ. ಈ ಅಂಕಿಗಳನ್ನು ಕೂಡಿದರೆ ಪೌರರ ಸಂಖ್ಯೆ ಜನಸಂಖ್ಯೆಯನ್ನು ಮೀರುತ್ತದೆ.

ಹೀಗಾಗಿ ಒಂದೇ ಕುಟುಂಬದ ಜೀವನ ನಾಲ್ಕು ರಾಜ್ಯಗಳಲ್ಲಿ ಹರಡಿಕೊಳ್ಳಬಲ್ಲದು: ಮಗ ಮೊಲ್ಡೊವಾದ ಪಾಸ್‌ಪೋರ್ಟಿನಲ್ಲಿ ಇಟಲಿಯಲ್ಲಿ ದುಡಿಯುತ್ತಾನೆ, ತಾಯಿಯ ಪಿಂಚಣಿಗೆ ರಷ್ಯಾ ಪೂರಕ ಹಣ ಕೊಡುತ್ತದೆ, ಮಗಳು ಉಕ್ರೇನಿನ ಒಡೆಸಾದಲ್ಲಿ ಓದಿದ್ದಾಳೆ, ಮನೆಯ ದಾಖಲೆ ತಿರಾಸ್ಪೋಲಿನಲ್ಲಿದೆ. ರೊಮೇನಿಯಾದ ಪೌರತ್ವ ಮಾತ್ರ ಇಲ್ಲಿ ಅಪರೂಪ. ಅದರ ಕಾನೂನು ಪೌರತ್ವ ಮರಳಿಸುವುದು 1940ಕ್ಕೆ ಮೊದಲು ರೊಮೇನಿಯಾದಲ್ಲಿದ್ದ ನೆಲದವರ ಸಂತತಿಗೆ. ಬೆಂದೇರ್ ಬೆಸರೇಬಿಯಾಕ್ಕೆ ಸೇರಿತ್ತು, ತಿರಾಸ್ಪೋಲ್ ಸೇರಿರಲಿಲ್ಲ. ಬಲದಂಡೆಯ ಲಕ್ಷಾಂತರ ಜನರಿಗೆ ಐರೋಪ್ಯ ಒಕ್ಕೂಟದ ಬಾಗಿಲು ತೆರೆದ ಅದೇ ಕಾನೂನು ಎಡದಂಡೆಗೆ 1918ರ ಗಡಿಯನ್ನು ಮತ್ತೆ ಎಳೆಯಿತು.

ಈ ಪಾಸ್‌ಪೋರ್ಟುಗಳನ್ನು ನಿಷ್ಠೆಯ ಅಳತೆಗೋಲಾಗಿ ಓದುವ ಚಾಳಿ ಎರಡೂ ಕಡೆ ಇದೆ. ಮಾಸ್ಕೋ ತನ್ನ ಪೌರರನ್ನು ರಕ್ಷಿಸುವ ಹೊಣೆ ತನ್ನದೆನ್ನುತ್ತದೆ, ಕಿಶಿನೌ ಬಹುಪಾಲು ಜನ ಈಗಾಗಲೇ ನಮ್ಮವರಾಗಿದ್ದಾರೆ ಎನ್ನುತ್ತದೆ. ಮತಪೆಟ್ಟಿಗೆ ಬೇರೆಯೇ ಹೇಳುತ್ತದೆ. ಮೊಲ್ಡೊವಾದ 2024ರ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿನಲ್ಲಿ ಸೇತುವೆ ದಾಟಿ ಬಂದು ಮತ ಹಾಕಿದ ಎಡದಂಡೆಯ ಮೊಲ್ಡೊವಾ ಪೌರರಲ್ಲಿ ದೊಡ್ಡ ಬಹುಮತ ಅಂದಿನ ಅಧ್ಯಕ್ಷೆ ಮಾಯಾ ಸಾಂದು ಅವರ ಎದುರಾಳಿಗೆ ಹೋಯಿತು. ಯುರೋಪಿಗೆ ಹೋಗಲು ಅನುವಾಗುವ ಪಾಸ್‌ಪೋರ್ಟ್ ಹಿಡಿದವರೇ ಯುರೋಪಿನ ಪರ ನಿಂತ ಅಭ್ಯರ್ಥಿಯನ್ನು ತಿರಸ್ಕರಿಸಿದರು. ಪಾಸ್‌ಪೋರ್ಟ್ ಅವರ ಅಗತ್ಯವನ್ನು ಹೇಳಿತು, ಮತ ಅವರ ಒಲವನ್ನು ಹೇಳಿತು.

ಶಾಲೆ ಮತ್ತು ಸ್ಮಾರಕ ಕಟ್ಟಿದ ಗುರುತು

ತಿರಾಸ್ಪೋಲಿನ 1995ರ ಸಂವಿಧಾನ ತನ್ನ ಜನರನ್ನು ಬಹುರಾಷ್ಟ್ರೀಯ ಜನತೆ ಎಂದು ಕರೆಯುತ್ತದೆ. ರಷ್ಯನ್, ಉಕ್ರೇನಿಯನ್, ಸಿರಿಲಿಕ್ ಲಿಪಿಯ ಮೊಲ್ಡೊವನ್ ಮೂರಕ್ಕೂ ಸಮಾನ ಸ್ಥಾನ ಕೊಡುತ್ತದೆ. ಕಾಗದದ ಮೇಲೆ ಇದು ಜನಾಂಗ ಮೀರಿದ ಪೌರ ರಾಷ್ಟ್ರೀಯತೆ. ನಿತ್ಯದ ಬದುಕಿನಲ್ಲಿ ಕಚೇರಿ, ಸೇನೆ, ವಿಶ್ವವಿದ್ಯಾಲಯ, ಟಿವಿ ಎಲ್ಲ ಕಡೆ ರಷ್ಯನ್ನಿನದೇ ದರ್ಬಾರು. ಸುವೊರೊವ್ ನೋಟಿನ ಮೇಲೂ ಚೌಕದಲ್ಲೂ ಇದ್ದಾನೆ, ಸಂಸತ್ ಭವನದ ಮುಂದೆ ಲೆನಿನ್ ನಿಂತಿದ್ದಾನೆ, ಸೆಪ್ಟೆಂಬರ್ 2 ರಾಷ್ಟ್ರದಿನ, ಜೂನಿನಲ್ಲಿ ಬೆಂದೇರಿನಲ್ಲಿ ಮಡಿದವರ ನೆನಪು. 2024ರಲ್ಲಿ ಟ್ರಾನ್ಸ್‌ನಿಸ್ಟ್ರಿಯಾ ಎಂಬ ಹೆಸರನ್ನೇ ಸಾರ್ವಜನಿಕವಾಗಿ ಬಳಸದಂತೆ ಕಾನೂನು ತಂದರು. ಪ್ರಿದ್ನೆಸ್ತ್ರೋವ್ಯೆ ಎನ್ನಬೇಕು.

ಈ ಗುರುತಿನ ಕ್ರೂರ ಮುಖವನ್ನು ಮುಚ್ಚಿಡಬಾರದು. 2004ರ ಬೇಸಿಗೆಯಲ್ಲಿ ಲ್ಯಾಟಿನ್ ಲಿಪಿಯಲ್ಲಿ ಕಲಿಸುತ್ತಿದ್ದ ಶಾಲೆಗಳಿಗೆ ತಿರಾಸ್ಪೋಲ್ ಪೊಲೀಸರನ್ನು ನುಗ್ಗಿಸಿತು. ಮಕ್ಕಳ ಕಲಿಕೆಯ ಹಕ್ಕು ಉಲ್ಲಂಘನೆಯಾಗಿದೆ, ಹೊಣೆ ರಷ್ಯಾದ್ದು ಎಂದು ಕತಾನ್ ಪ್ರಕರಣದಲ್ಲಿ 2012ರಲ್ಲಿ ಐರೋಪ್ಯ ನ್ಯಾಯಾಲಯ ತೀರ್ಪಿತ್ತಿತು. ಬಹುರಾಷ್ಟ್ರೀಯ ಎಂಬ ಮಾತಿಗೆ ಮಿತಿ ಎಲ್ಲಿದೆ ಎಂಬುದು ಆ ಮಕ್ಕಳಿಗೆ ತರಗತಿಯ ಬಾಗಿಲಲ್ಲೇ ತಿಳಿಯಿತು. ಅತ್ತ 2023ರಲ್ಲಿ ಮೊಲ್ಡೊವಾ ತನ್ನ ಕಾನೂನುಗಳಲ್ಲಿ ರಾಜ್ಯಭಾಷೆಯನ್ನು ರೊಮೇನಿಯನ್ ಎಂದು ತಿದ್ದಿಕೊಂಡಿತು. ಮೊಲ್ಡೊವನ್ ಎಂಬ ಹೆಸರಿನ ಅಧಿಕೃತ ಭಾಷೆ ಈಗ ಉಳಿದಿರುವುದು ಮೊಲ್ಡೊವಾದಿಂದ ಬೇರೆಯಾಗಬಯಸುವ ನಾಡಿನಲ್ಲಿ ಮಾತ್ರ.

ಕಾನೂನಿನ ನೋಟ

1933ರ ಮಾಂಟೆವಿಡಿಯೊ ಒಪ್ಪಂದದ ನಾಲ್ಕು ಲಕ್ಷಣಗಳು, ಅಂದರೆ ಜನ, ಗಡಿ, ಸರ್ಕಾರ, ಪರರಾಷ್ಟ್ರ ವ್ಯವಹಾರದ ಸಾಮರ್ಥ್ಯ, ತಮಗಿವೆ ಎಂದು ತಿರಾಸ್ಪೋಲ್ ವಾದಿಸುತ್ತದೆ. ವಿದೇಶಿ ಸೇನೆಯ ಬಲದಿಂದ ನಿಂತ ಆಡಳಿತಕ್ಕೆ ಇದು ಸಾಲದು ಎಂಬುದು ಹೆಚ್ಚಿನವರ ಉತ್ತರ, ಅದೇ ಸರಿ. ಜನಸಾಮಾನ್ಯರ ಪಾಲಿಗೆ ಹೆಚ್ಚು ಮುಖ್ಯವಾದದ್ದು ನಮೀಬಿಯಾ ಕುರಿತ 1971ರ ಅಂತಾರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ: ಆಡಳಿತ ಅಕ್ರಮವಾದರೂ ಜನನ, ಮರಣ, ವಿವಾಹದ ದಾಖಲೆಗಳನ್ನು ಕಡೆಗಣಿಸಿ ನಿವಾಸಿಗಳಿಗೆ ತೊಂದರೆ ಕೊಡಬಾರದು. 2017ರಲ್ಲಿ ತಿರಾಸ್ಪೋಲ್ ವಿಶ್ವವಿದ್ಯಾಲಯದ ಪದವಿಗಳನ್ನು ದೃಢೀಕರಿಸಲು, ಮರುವರ್ಷ ವಾಹನಗಳಿಗೆ ತಟಸ್ಥ ನೋಂದಣಿಫಲಕ ಕೊಡಲು ಕಿಶಿನೌ ಒಪ್ಪಿದ್ದು ಇದೇ ವಿವೇಕದಿಂದ. ಮೂವತ್ತು ವರ್ಷಗಳ ಮಾತುಕತೆಯಲ್ಲಿ ಜನರಿಗೆ ನಿಜವಾಗಿ ಉಪಯೋಗವಾದದ್ದು ಇಂಥ ಸಣ್ಣ ಒಪ್ಪಂದಗಳೇ. ಮೊಲ್ಡೊವಾವನ್ನು ಒಕ್ಕೂಟರಾಷ್ಟ್ರವಾಗಿಸಲು ರಷ್ಯಾ ಮುಂದಿಟ್ಟ 2003ರ ಕೋಜಾಕ್ ಪ್ರಸ್ತಾವದಂಥ ದೊಡ್ಡ ನಕ್ಷೆಗಳಲ್ಲ.

ಆಕ್ಷೇಪಗಳು

ನಿಷ್ಠೆ ಆ ನೆಲಪಟ್ಟಿಗೆ ಅಂಟಿದೆ ಎನ್ನುವುದಕ್ಕೆ ಮೊದಲ ಆಕ್ಷೇಪ 2006ರ ಸೆಪ್ಟೆಂಬರಿನ ಜನಮತಗಣನೆ. ಶೇ. 97ರಷ್ಟು ಜನ ಸ್ವಾತಂತ್ರ್ಯ ಮತ್ತು ಆಮೇಲೆ ರಷ್ಯಾ ಸೇರ್ಪಡೆಯ ಪರ ಮತ ಹಾಕಿದರು ಎಂದು ತಿರಾಸ್ಪೋಲ್ ಘೋಷಿಸಿತು. ಹಾಗಿದ್ದರೆ ಅವರ ಗುರುತು ರಷ್ಯನ್ ಎಂದೇ ಆಗಬೇಕಲ್ಲವೇ? ಮುಕ್ತ ಮಾಧ್ಯಮವಿಲ್ಲದ ಕಡೆ ನಡೆದ ಆ ಮತದಾನವನ್ನು ಯುರೋಪಿನ ಸಂಸ್ಥೆಗಳು ಒಪ್ಪಲಿಲ್ಲ, ನಾನೂ ಆ ಅಂಕಿಯ ಮೇಲೆ ಭಾರ ಹಾಕಲಾರೆ. ಆದರೆ ಪ್ರಶ್ನೆಯ ರೂಪ ಗಮನಾರ್ಹ. ಸ್ವಾತಂತ್ರ್ಯವನ್ನೂ ರಷ್ಯಾ ಸೇರುವುದನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಲಾಗಿತ್ತು. ತನ್ನದೇ ರಾಷ್ಟ್ರ ಬೇಕೆಂಬ ಚಳವಳಿ ಹೀಗೆ ಕೇಳುವುದಿಲ್ಲ. ಮೊಲ್ಡೊವಾದ ಕೈಕೆಳಗೆ ಬರಬಾರದು ಎಂಬುದೇ ಅಲ್ಲಿನ ಸ್ಥಿರವಾದ ಬಯಕೆ. ಅದಕ್ಕೆ ಹಿಡಿದ ದಾರಿ ಸೋವಿಯತ್ ಒಕ್ಕೂಟ, ಸ್ವಾತಂತ್ರ್ಯ, ರಷ್ಯಾ ಎಂದು ಕಾಲಕ್ಕೆ ತಕ್ಕಂತೆ ಬದಲಾಗಿದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಈ ಗುರುತು ಬಿಟ್ಟಿ ಅನಿಲದ ಮೇಲೆ ನಿಂತದ್ದು, ಅನಿಲ ನಿಂತರೆ ಅದೂ ಕರಗುತ್ತದೆ. ಉಕ್ರೇನ್ ಮೂಲಕ ಅನಿಲ ಸಾಗಿಸುವ ಒಪ್ಪಂದ ಮುಗಿದು 2025ರ ಜನವರಿ 1ರಂದು ರಷ್ಯಾದ ಗಾಜ್‌ಪ್ರೋಮ್ ಕಂಪನಿಯ ಸರಬರಾಜು ನಿಂತಿತು. ಚಳಿಗಾಲದ ನಡುವೆ ಮನೆಗಳಿಗೆ ಬಿಸಿನೀರು, ಶಾಖ ಇಲ್ಲವಾಯಿತು, ಕಾರ್ಖಾನೆಗಳು ಮುಚ್ಚಿದವು, ಸರದಿಯಂತೆ ವಿದ್ಯುತ್ ಕಡಿತವಾಯಿತು. ಮುದುಕರು ಕಟ್ಟಿಗೆ ಒಲೆ ಹುಡುಕುವಂತಾಯಿತು. ಆ ವಾರಗಳಲ್ಲಿ ಅಲ್ಲಿನ ಆಡಳಿತದ ವಿರುದ್ಧ ಜನ ಬೀದಿಗಿಳಿಯಲಿಲ್ಲ. ಭಯವೂ ಒಂದು ಕಾರಣವಿರಬಹುದು, ಅಲ್ಲಿ ಪ್ರತಿಭಟಿಸುವುದು ಸುಲಭವಲ್ಲ. ಆದರೂ ಕೇವಲ ಲಾಭಕ್ಕೆ ಅಂಟಿದ ನಿಷ್ಠೆ ಅಷ್ಟು ಕಷ್ಟದಲ್ಲಿ ಕದಲುವ ಲಕ್ಷಣವನ್ನಾದರೂ ತೋರಬೇಕಿತ್ತು. ಒಂದನ್ನು ಮಾತ್ರ ಒಪ್ಪಬೇಕು. ಜನ ನಾಡು ಬಿಟ್ಟು ಹೋಗಿ ತಮ್ಮ ಮತ ಹೇಳುತ್ತಿದ್ದಾರೆ. 2004ರಲ್ಲಿ 5.55 ಲಕ್ಷವಿದ್ದ ಜನಸಂಖ್ಯೆ ಹನ್ನೊಂದು ವರ್ಷದಲ್ಲಿ 80,000ದಷ್ಟು ಕುಗ್ಗಿತು. ನಾಡಿಗೆ ಅಂಟಿಕೊಂಡ ಮನಸ್ಸು ಅಲ್ಲಿ ಬದುಕು ಕಟ್ಟಿಕೊಳ್ಳಲು ಸಾಕಾಗುತ್ತಿಲ್ಲ.

ಇತ್ಯರ್ಥವಾಗದೆ ಉಳಿದದ್ದು

2022ರ ಜೂನಿನಲ್ಲಿ ಮೊಲ್ಡೊವಾ ಐರೋಪ್ಯ ಒಕ್ಕೂಟದ ಅಭ್ಯರ್ಥಿ ದೇಶವಾಯಿತು. ಎಡದಂಡೆ ಬಿಟ್ಟು ಸೇರಬಹುದೇ, ಸೇರಿದರೆ ನದಿ ಒಕ್ಕೂಟದ ಗಡಿಯಾಗುತ್ತದೆಯೇ ಎಂಬುದಕ್ಕೆ ಉತ್ತರವಿಲ್ಲ. ಸೈಪ್ರಸ್ 2004ರಲ್ಲಿ ಒಡೆದ ಸ್ಥಿತಿಯಲ್ಲೇ ಸೇರಿತು, ಉತ್ತರದ ತುರ್ಕಿ ಸೈಪ್ರಿಯಟ್ಟರು ಆ ಗಣರಾಜ್ಯದ ಪಾಸ್‌ಪೋರ್ಟಿನಿಂದ ಐರೋಪ್ಯ ಪೌರರಾದರು, ದ್ವೀಪ ಒಂದಾಗಲಿಲ್ಲ. ತಿರಾಸ್ಪೋಲಿನ ರಫ್ತಿನ ಬಹುಪಾಲು ಈಗಾಗಲೇ ಕಿಶಿನೌ ನೋಂದಣಿಯ ಮೂಲಕ ಯುರೋಪಿಗೆ ಹೋಗುತ್ತದೆ, 2022ರ ಫೆಬ್ರವರಿಯಿಂದ ಉಕ್ರೇನ್ ಗಡಿ ಮುಚ್ಚಿದೆ, 2024ರ ಜನವರಿಯಿಂದ ಮೊಲ್ಡೊವಾ ಅಲ್ಲಿನ ಕಂಪನಿಗಳಿಂದ ಸುಂಕ ವಸೂಲಿ ಮಾಡುತ್ತಿದೆ. ಆರ್ಥಿಕ ಎಳೆತ ಬಲದಂಡೆಯ ಕಡೆಗಿದೆ. ಅದು ಮನಸ್ಸನ್ನೂ ಎಳೆಯುತ್ತದೆಯೇ ಎಂಬುದು ಬಯಲಾಗಿಲ್ಲ.

ಇನ್ನೊಂದು ಉದಾಹರಣೆ ಹೆಚ್ಚು ಕಳವಳದ್ದು. ಅಜರ್‌ಬೈಜಾನಿನಿಂದ ಬೇರೆಯಾಗಿದ್ದ ನಾಗೊರ್ನೊ-ಕಾರಬಾಖ್‌ನ ಅರ್ಮೇನಿಯನ್ನರು ದಶಕಗಳ ಕಾಲ ಅರ್ಮೇನಿಯಾದ ಪಾಸ್‌ಪೋರ್ಟ್ ಹಿಡಿದಿದ್ದರು. 2023ರ ಸೆಪ್ಟೆಂಬರಿನಲ್ಲಿ ಅಜರ್‌ಬೈಜಾನಿನ ದಾಳಿಯ ನಂತರ ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲವೇ ದಿನಗಳಲ್ಲಿ ಓಡಿಬಂದಾಗ ಆ ಪುಸ್ತಿಕೆ ಪ್ರಯಾಣದ ದಾಖಲೆ ಮಾತ್ರ, ಪೌರತ್ವವಲ್ಲ ಎಂದು ಅರ್ಮೇನಿಯಾ ಹೇಳಿ ಅವರನ್ನು ನಿರಾಶ್ರಿತರೆಂದು ದಾಖಲಿಸಿತು. ಪಾಸ್‌ಪೋರ್ಟ್ ಕೊಟ್ಟ ರಾಜ್ಯ ಕಷ್ಟಕಾಲದಲ್ಲಿ ಯಾವ ಹೊಣೆ ಹೊರುತ್ತದೆ ಎಂಬುದು ಎಡದಂಡೆಯ ಜನರೂ ಕೇಳಬೇಕಾದ ಪ್ರಶ್ನೆ. 2024ರ ಫೆಬ್ರವರಿ 28ರಂದು ತಿರಾಸ್ಪೋಲಿನಲ್ಲಿ ಸೇರಿದ ಪ್ರತಿನಿಧಿಗಳ ಸಮಾವೇಶ ರಷ್ಯಾದ ರಕ್ಷಣೆ ಕೋರಿತು. ಮಾಸ್ಕೋದಿಂದ ಮಾತು ಬಂತು, ಮಾನ್ಯತೆ ಬರಲಿಲ್ಲ. ಇತ್ತ ಕಿಶಿನೌ 2005ರಲ್ಲೇ ಎಡದಂಡೆಗೆ ವಿಶೇಷ ಸ್ಥಾನಮಾನ ಕೊಡುವ ಕಾನೂನು ಮಾಡಿಟ್ಟಿದೆ. ಆ ಸ್ಥಾನಮಾನದಲ್ಲಿ ಸಿರಿಲಿಕ್‌ನಲ್ಲಿ ಓದಿದವರ ಪದವಿ, ತಿರಾಸ್ಪೋಲ್ ಕೊಟ್ಟ ಪಿಂಚಣಿ, ಖಾಸಗಿಯಾದ ಕಾರ್ಖಾನೆಗಳ ಒಡೆತನ, ಅಲ್ಲಿನ ಸೇನೆಯಲ್ಲಿ ದುಡಿದವರ ಗತಿ ಏನಾಗುತ್ತದೆ ಎಂಬುದನ್ನು ಯಾವ ಸರ್ಕಾರವೂ ಆ ಜನರ ಮುಂದೆ ಸ್ಪಷ್ಟವಾಗಿ ಬರೆದಿಟ್ಟಿಲ್ಲ. ಮತ್ತೆ ಒಂದಾಗುವ ಮಾತು ಆಡುವವರು ಮೊದಲು ಬರೆಯಬೇಕಾದದ್ದು ಅದನ್ನು.